ದಾರಿ ತಪ್ಪಿದ ಜಾಣನಿಗೆ ಬಾಗಿಲು ಮುಚ್ಚಬೇಕೇ?

ಕೆಜಿಎಫ್ ಅಂದ ಕೂಡಲೇ ಹೊರಗಿನವರ ಬಾಯಲ್ಲಿ ಈಗ ಸಿನಿಮಾ ಮಾತೇ. 2018ರಲ್ಲಿ ಬಂದ ಆ ಚಿತ್ರದ ನಾಯಕ, ತಾಯಿಗೆ ಕೊಟ್ಟ ಮಾತಿಗಾಗಿ ಭೂಗತ ಲೋಕದಲ್ಲಿ ಮೇಲೇರುತ್ತಾನೆ. ನಾವೂ ಮಕ್ಕಳ ಜೊತೆ ಕೂತು ಚಪ್ಪಾಳೆ ತಟ್ಟಿದೆವು. ಆದರೆ ನಮ್ಮದೇ ಬೀದಿಯ ಹದಿನೈದರ ಹುಡುಗನೊಬ್ಬ ಮೊಬೈಲ್ ಕದ್ದು ಸಿಕ್ಕಿಬಿದ್ದರೆ? ‘ಇನ್ಮೇಲೆ ಅವನ ಜೊತೆ ಸೇರಬೇಡ’ ಅಂತ ಮಗನನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತೇವೆ, ಅಲ್ವಾ?

ಆಸ್ಟ್ರೇಲಿಯಾದ ಲೇಖಕಿ ಕ್ಯಾಥರೀನ್ ಜಿಂಕ್ಸ್ ಬರೆದ ‘ಈವಿಲ್ ಜೀನಿಯಸ್’ (2005), ‘ಜೀನಿಯಸ್ ಸ್ಕ್ವಾಡ್’ (2008) ಹದಿಹರೆಯದವರಿಗಾಗಿಯೇ ಇರುವ ಥ್ರಿಲ್ಲರ್‌ಗಳು. ಅದರ ಹುಡುಗ ಕೆಡೆಲ್ ಕಂಪ್ಯೂಟರ್‌ನಲ್ಲಿ ಮಹಾ ಜಾಣ. ದೊಡ್ಡವರೇ ಆ ಜಾಣತನವನ್ನು ಅಪರಾಧಕ್ಕೆ ಬಳಸಿಕೊಳ್ಳಲು ಅವನನ್ನು ಬೆಳೆಸುತ್ತಾರೆ. ಅದು ಗೊತ್ತಾದ ಮೇಲೆ ಅವನು ಹೊರಬರಲು ಒದ್ದಾಡುತ್ತಾನೆ. ಆಗ ಅವನ ಕೈ ಬಿಡದವರು ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಸಮಾಜ ಕಾರ್ಯಕರ್ತೆ. ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ‘ಕಳ್ಳತನ ಕಲಿಸುತ್ತೆ’ ಅಂತ ಕಿತ್ತುಕೊಳ್ಳಬೇಡಿ. ಬುದ್ಧಿಯೊಂದೇ ಮಗುವನ್ನು ಕಾಯುವುದಿಲ್ಲ, ನಂಬುವ ಹಿರಿಯರೊಬ್ಬರು ಬೇಕು ಅನ್ನುವುದೇ ಅದರ ಸಾರ.

ಈ ಮಾತು ನಮ್ಮೂರುಗಳಿಗೂ ಹೊಂದುತ್ತದೆ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಅಂದಿನಿಂದ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಯ ಎಷ್ಟೋ ಮನೆಗಳ ಅಪ್ಪ-ಅಮ್ಮಂದಿರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರು ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಲ್ಲಿವರೆಗೆ ಮಕ್ಕಳಿಗೆ ಯಾರು ದಿಕ್ಕು? ಮೊಬೈಲು ಮತ್ತು ಬೀದಿ. ಮಗು ಎಡವಿದರೆ ಪೂರ್ತಿ ತಪ್ಪು ಅದರದ್ದೇ ಅನ್ನೋದು ನ್ಯಾಯವೇ?

ಕಾನೂನು ನಮಗಿಂತ ದೊಡ್ಡ ಮನಸ್ಸು ಮಾಡಿದೆ ನೋಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದ ಮಗುವಿನ ಹೆಸರು, ಫೋಟೊ, ವಿಳಾಸವನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಪ್ರಕರಣ ಮುಗಿದ ಮೇಲೆ ಅದರ ಕಳಂಕ ಮುಂದಿನ ಬದುಕಿಗೆ ಅಂಟಬಾರದು, ದಾಖಲೆಗಳೂ ನಾಶವಾಗಬೇಕು. ಘೋರ ಅಪರಾಧಕ್ಕಾಗಿ ದೊಡ್ಡವರಂತೆ ವಿಚಾರಣೆಗೆ ಒಳಗಾದ 16 ದಾಟಿದವರ ವಿಷಯ ಮಾತ್ರ ಬೇರೆ. ಕೋರ್ಟು ಮರೆತದ್ದನ್ನು ನಾವು ನಲ್ಲಿ ಕಟ್ಟೆಯಲ್ಲಿ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನೆನಪಿಸುತ್ತಾ ಕೂತರೆ ಹುಡುಗ ಎಲ್ಲಿಗೆ ಹೋಗಬೇಕು? ಹಳೇ ಗ್ಯಾಂಗಿಗೇ!

‘ನನ್ನ ಮಗನೂ ಕೆಟ್ಟುಹೋದರೆ?’ ಅನ್ನುವ ಭಯ ಸಹಜ. ಅದಕ್ಕೆ ಹೀಗೆ ಮಾಡಿ:

* ಆ ಹುಡುಗ ಮನೆಗೆ ಬರಲಿ. ಆಟ, ಓದು ಎಲ್ಲ ಹಾಲ್‌ನಲ್ಲೇ, ನಿಮ್ಮ ಕಣ್ಣೆದುರೇ ನಡೆಯಲಿ. ‘ಅಂಗಡಿಯಿಂದ ಸಕ್ಕರೆ ತಂದುಕೊಡಪ್ಪಾ’ ಅಂತ ದುಡ್ಡು ಕೊಟ್ಟು ಕಳಿಸಿ. ಆ ನಂಬಿಕೆ ಅವನಿಗೆ ಹತ್ತು ಬುದ್ಧಿಮಾತಿಗಿಂತ ದೊಡ್ಡದು.

* ನಿಮ್ಮ ಮಗ ಬೇರೆಯವರ ಪಾಸ್‌ವರ್ಡ್ ಕಂಡುಹಿಡಿದೆ ಅಂತ ಬೀಗಿದರೆ ನಕ್ಕು ಸುಮ್ಮನಾಗಬೇಡಿ. ‘ಜಾಣ ಕಣೋ, ಆದ್ರೆ ಅದು ಬೇರೆಯವರ ಬೀಗ’ ಅನ್ನಿ.

* ಕಾರಣವಿಲ್ಲದೆ ಕೈಯಲ್ಲಿ ದುಡ್ಡು ಕಂಡರೆ ವಿಚಾರಿಸಿ. ಬ್ಯಾಂಕ್ ಖಾತೆ, ಸಿಮ್ ಬಳಸಲು ಕೊಟ್ಟರೆ ಕಮಿಷನ್ ಕೊಡ್ತೀವಿ ಅನ್ನುವವರಿದ್ದಾರೆ. ಆನ್‌ಲೈನ್ ವಂಚಕರ ಹಣ ಸಾಗುವುದು ಇಂಥ ಖಾತೆಗಳಲ್ಲೇ.

* ಮಗು ತಪ್ಪು ಒಪ್ಪಿಕೊಂಡರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಕದ್ದದ್ದನ್ನು ಮರಳಿಸಲು ನೀವೇ ಜೊತೆಗೆ ಹೋಗಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ತಪ್ಪನ್ನು ತಪ್ಪು ಅನ್ನೋಣ. ಆದರೆ ಮಗುವಿಗೆ ‘ಕಳ್ಳ’ ಅಂತ ಹೆಸರಿಡುವುದು ಬೇಡ. ಆ ಹೆಸರು ಹೊತ್ತವನಿಗೆ ಒಳ್ಳೆಯವನಾಗಲು ಯಾರೂ ಅವಕಾಶ ಕೊಡುವುದಿಲ್ಲ. ಏನಂತೀರಿ ಗೆಳತಿಯರೇ?