ಡಿಸೆಂಬರ್ ದಾಟಿದ ಮೇಲೆ

ಕ್ರಿಸ್‌ಮಸ್ ಹತ್ತಿರವಾದಂತೆ ಚರ್ಚುಗಳಲ್ಲಿ ಅಕ್ಕಿ, ಕಂಬಳಿ, ಕೇಕುಗಳ ಹಂಚಿಕೆ ಜೋರಾಗುತ್ತದೆ. ಜನವರಿಯಲ್ಲಿ ಅದೇ ಮನೆಗಳ ಬಾಡಿಗೆ, ಔಷಧಿಯ ಚಿಂತೆ ಹಾಗೇ ಉಳಿದಿರುತ್ತದೆ. ಆದಿಸಭೆಯ ಪದ್ಧತಿ ಬೇರೆ. ವಿಧವೆಯರಿಗೆ ಅಲ್ಲಿ ದಿನವೂ ಹಂಚಿಕೆ ನಡೆಯುತ್ತಿತ್ತು. ಕೆಲವರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ 7 ಮಂದಿಯನ್ನು ಅದಕ್ಕೆಂದೇ ನೇಮಿಸಿದರು. ವಾರದ ಮೊದಲ ದಿನ ಸಂಪಾದನೆಗೆ ತಕ್ಕಷ್ಟು ಎತ್ತಿಡಿ ಎಂದು ಪೌಲನು ಕೊರಿಂಥದವರಿಗೆ ಬರೆದ. ದಾನವನ್ನು ಮನಸ್ಸು ಕರಗುವ ಗಳಿಗೆಗೆ ಬಿಡದೆ ಹೊಣೆಗಾರಿಕೆಗೆ ಒಪ್ಪಿಸಿದ ಕ್ರಮವಿದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಿ ವಿತರಣೆ ಇಂದು ದೊಡ್ಡ ಆಸ್ಪತ್ರೆಯಾಗಿ ನಿಂತಿರುವುದೂ ನಿತ್ಯದ ದುಡಿಮೆಯಿಂದಲೇ.

ನಿರಂತರ ನೆರವು ಜನರನ್ನು ಪರಾವಲಂಬಿಗಳಾಗಿಸುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ವರ್ಷಕ್ಕೊಮ್ಮೆ ಪೊಟ್ಟಣ ಕೊಟ್ಟು ಹೋಗುವವರಿಗೆ ಆ ಮನೆಯ ನಿಜವಾದ ಕೊರತೆ ಹೇಗೆ ತಿಳಿಯಬೇಕು? ಪ್ಯಾರಿಸ್‌ನಲ್ಲಿ 1833ರಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರು ಬಡವರ ಮನೆಗಳಿಗೇ ಹೋಗುವುದನ್ನು ತಮ್ಮ ಮುಖ್ಯ ಕೆಲಸವಾಗಿಸಿಕೊಂಡದ್ದು ಇದಕ್ಕೇ. ಪದೇ ಪದೇ ಹೋದಾಗಲೇ ಒಬ್ಬರಿಗೆ ಅಕ್ಕಿಗಿಂತ ಪಿಂಚಣಿ ಅರ್ಜಿ ತುಂಬಿಸುವವರು, ಇನ್ನೊಬ್ಬರಿಗೆ ಹೊಲಿಗೆ ಯಂತ್ರ ಬೇಕಿದೆ ಎಂದು ಗೊತ್ತಾಗುವುದು. ಶಾಲೆ ತೆರೆಯುವ, ಮಳೆಗೆ ಕೂಲಿ ನಿಲ್ಲುವ ಜೂನ್ ತಿಂಗಳಿಗೂ ಚರ್ಚುಗಳು ಈಗಲೇ ಹಣ ಎತ್ತಿಡಲಿ.