ಮನೆ ಹೊತ್ತ ಪಥಿಕರೂ ನಿರ್ಜನವೆಂಬ ಮಾತೂ

ಮೋಟಾರು ವಾಹನದೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗಳನ್ನು ಅಳವಡಿಸಿ, ಅದರಲ್ಲಿಯೇ ಉಂಡು ಮಲಗುತ್ತ ದೇಶವನ್ನು ಸುತ್ತುವ ಪದ್ಧತಿಗೆ ಪಾಶ್ಚಾತ್ಯರಲ್ಲಿ ಈಗ ಬಹಳ ಮನ್ನಣೆಯಿದೆ. ಆ ವಾಹನಕ್ಕೆ ಕ್ಯಾಂಪರ್‌ವ್ಯಾನ್ ಎಂದು ಹೆಸರು. ಉದ್ಯೋಗನಿಮಿತ್ತವಾಗಿ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳೂ ಚಳಿಗಾಲದ ರಜೆಯಲ್ಲಿ ಇಂಥದೊಂದನ್ನು ಬಾಡಿಗೆಗೆ ಹಿಡಿದು ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಿಗೂ ಕಡಲತೀರಕ್ಕೂ ಹೋಗಿಬರುವುದುಂಟು. ಹೋಗಬಾರದೆಂದು ಹೇಳುವ ಕೂಪಮಂಡೂಕ ನಾನಲ್ಲ. ಹಿಮ ಮುಚ್ಚಿದ ಶಿಖರವೂ ಅದರ ಬುಡಕ್ಕೆ ಬಂದು ಬಡಿಯುವ ಸಮುದ್ರವೂ ಒಂದೇ ನೋಟಕ್ಕೆ ಸಿಕ್ಕುವ ಸ್ಥಳಗಳು ಲೋಕದಲ್ಲಿ ಹೆಚ್ಚಿಲ್ಲ. ನನ್ನ ಆಕ್ಷೇಪವಿರುವುದು ಅವರು ಮರಳಿ ಬಂದು ಆಡುವ ಒಂದು ಮಾತಿನ ಮೇಲೆ. "ಎಲ್ಲಿಯೂ ಜನವೇ ಇಲ್ಲ, ಬೇಕಾದಲ್ಲಿ ನಿಲ್ಲಿಸಿ ಮಲಗಿದೆವು" ಎಂಬುದೇ ಆ ಮಾತು. ಇದರ ಪೂರ್ವಾರ್ಧವು ಅಜ್ಞಾನ, ಉತ್ತರಾರ್ಧವು ಅನ್ಯಾಯ.

ಅವರು ಹಿಡಿಯುವ ದಾರಿಗೆ ನಾರ್ತ್ ಕೋಸ್ಟ್ 500 ಎಂದು ಹೆಸರು. ಇನ್ವರ್ನೆಸ್ ಕೋಟೆಯಿಂದ ಹೊರಟು ಉತ್ತರದ ಕರಾವಳಿಯನ್ನು ಬಳಸಿ ಅಲ್ಲಿಗೇ ಮರಳುವ 516 ಮೈಲಿಗಳ ಸುತ್ತು ಇದು. ದಾರಿ ಹಳೆಯದು, ಹೆಸರು ಮಾತ್ರ ಪ್ರವಾಸಿಗಳನ್ನು ಕರೆಯುವುದಕ್ಕಾಗಿ 2015ರಲ್ಲಿ ಇಟ್ಟದ್ದು. ಈ ಸುತ್ತಿನ ಉತ್ತರಭಾಗದಲ್ಲಿ ಸದರ್ಲೆಂಡ್ ಸೀಮೆಯಿದೆ. ಅಲ್ಲಿಯ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಗೇಲಿಕ್ ನುಡಿಯುವ ಒಕ್ಕಲು ಕುಟುಂಬಗಳು ದನ ಸಾಕಿ, ಹೊಲ ಉತ್ತು ಬಾಳುತ್ತಿದ್ದವು. ಕುರಿಮಂದೆಗೆ ನೆಲವನ್ನು ಕೊಟ್ಟರೆ ಗೇಣಿ ಹೆಚ್ಚು ಹುಟ್ಟುವುದೆಂದು ಕಂಡ ಜಮೀನುದಾರರು 1814ರಲ್ಲಿಯೂ 1819ರಲ್ಲಿಯೂ ಅವರನ್ನು ಒಕ್ಕಲೆಬ್ಬಿಸಿದರು. ಮರಳಿ ಬಂದು ಸೇರದಂತೆ ಮನೆಗಳ ತೊಲೆಗಳಿಗೆ ಬೆಂಕಿ ಬಿತ್ತು. 1814ರ ಕಾರ್ಯವನ್ನು ಮುಂದೆ ನಿಂತು ನಡೆಸಿದ ಪ್ಯಾಟ್ರಿಕ್ ಸೆಲ್ಲರನು 1816ರಲ್ಲಿ ವಿಚಾರಣೆಗೆ ಒಳಗಾಗಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಆ ವಿಚಾರಣೆ ನಡೆದ ಊರು ಇನ್ವರ್ನೆಸ್ಸೇ. ನಮ್ಮ ಪ್ರವಾಸಿಗಳು ಸಂಭ್ರಮದಿಂದ ಹೊರಡುವುದೂ ಅಲ್ಲಿಂದಲೇ!

ಹೊರದೂಡಿಸಿಕೊಂಡವರಿಗೆ ಕಡಲಂಚಿನ ಕಲ್ಲುನೆಲದಲ್ಲಿ ತುಂಡು ಹೊಲಗಳನ್ನು ಕೊಟ್ಟು, ಮೀನು ಹಿಡಿದು ಬದುಕಿರೆಂದರು. ಅನೇಕರು ಹಡಗು ಹತ್ತಿ ದೇಶವನ್ನೇ ಬಿಟ್ಟರು. ತೀರದಲ್ಲಿ ಹೀಗೆ ನೆಲೆಗೊಂಡ ಒಂದು ಊರಿಗೆ ಬೆಟಿಹಿಲ್ ಎಂದು ಹೆಸರು. ಅದು ಆ ಜಮೀನಿನ ಒಡತಿಯಾದ ದೊರೆಸಾನಿ ಎಲಿಜಬೆತ್ತಳ ಹೆಸರು. ಮನೆ ಕಳೆದುಕೊಂಡವರ ಊರಿಗೆ ಕಳೆದವಳ ನಾಮಕರಣ!

ನಿರ್ಜನ ಶಬ್ದಕ್ಕೆ ನಮ್ಮ ವೈಯಾಕರಣರು ಹೇಳುವ ವಿಗ್ರಹವಾಕ್ಯ ಇಲ್ಲಿ ಸ್ಮರಣೀಯವಾಗಿದೆ: ಯಾವುದರಿಂದ ಜನರು ಹೊರಟುಹೋದರೋ ಅದು ನಿರ್ಜನ. ತಾವಾಗಿ ಹೊರಟರೋ, ಹೊರಡಿಸಲ್ಪಟ್ಟರೋ ಎಂಬುದನ್ನು ವ್ಯಾಕರಣವು ಹೇಳದು. ಚರಿತ್ರೆಯನ್ನು ಓದಿ ತಿಳಿಯಬೇಕು. ಪಶ್ಚಿಮದಲ್ಲಿ ಆಪಲ್‌ಕ್ರಾಸಿಗೆ ಏರುವ 626 ಮೀಟರ್ ಎತ್ತರದ ಘಾಟಿಗೆ ಬೆಲಾಖ್ ನ ಬಾ ಎಂದು ಹೆಸರಷ್ಟೆ. ಗೇಲಿಕ್ ಭಾಷೆಯಲ್ಲಿ ದನಗಳ ಘಾಟಿ ಎಂದು ಇದರ ಅರ್ಥ. ದನ ಹೊಡೆಯುವವನಿಲ್ಲದೆ ಈ ಹೆಸರು ಎಲ್ಲಿಂದ ಬಂತು?

ಇನ್ನು ಉಳಿದಿರುವ ಜನರ ಪಾಡನ್ನು ನೋಡೋಣ. ಆ ಸುತ್ತಿನ ಎಷ್ಟೋ ಭಾಗದಲ್ಲಿ ರಸ್ತೆ ಒಂದೇ ವಾಹನದ ಅಗಲ. ಎದುರಾದವರಿಗೆ ಎಡೆಗೊಡಲು ಅಲ್ಲಲ್ಲಿ ಅಗಲವಾದ ಜಾಗಗಳನ್ನು ಬಿಟ್ಟಿರುತ್ತಾರೆ. ಅಲ್ಲಿ ವಾಹನವನ್ನು ನಿಲ್ಲಿಸಿಡಬಾರದೆಂದು ನಿಯಮವೂ ಇದೆ. ಮನೆ ಹೊತ್ತ ಪಥಿಕನಿಗೆ ಅದೇ ಬಿಡದಿ. ಡಿಸೆಂಬರಿನಲ್ಲಿ ಆ ತೀರಕ್ಕೆ ಸುಮಾರು ಆರು ಗಂಟೆಗಳಷ್ಟೇ ಹಗಲು; ಉಳಿದದ್ದೆಲ್ಲ ಕತ್ತಲೆ, ಮೇಲೆ ಹೆಪ್ಪುಗಟ್ಟಿದ ನೀರಿನ ಜಾರು. ವೈದ್ಯನೂ ಶಾಲೆಯ ಮಕ್ಕಳೂ ರೋಗಿಯೂ ಅದೇ ದಾರಿಯಲ್ಲಿ ಹೋಗಬೇಕು. ಬೆಲಾಖ್ ನ ಬಾ ಘಾಟಿಯ ಬುಡದಲ್ಲಿ, ಹಿಮ ಬಿದ್ದಾಗ ಈ ದಾರಿ ಸಾಗದು, ಬಹಳ ದೊಡ್ಡ ವಾಹನಗಳಿಗೆ ಇದು ಯೋಗ್ಯವಲ್ಲವೆಂದು ಫಲಕವನ್ನೇ ನಿಲ್ಲಿಸಿದ್ದಾರೆ. ಸಾಲದ್ದಕ್ಕೆ ಚಳಿಗಾಲದಲ್ಲಿ ಅನೇಕ ಶಿಬಿರಸ್ಥಳಗಳು ಮುಚ್ಚಿರುತ್ತವೆ. ಆಗ ವಾಹನದ ಶೌಚದ ತೊಟ್ಟಿಯನ್ನು ಎಲ್ಲಿ ಬರಿದುಮಾಡುವರೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಎಲ್ಲರೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಹಳ್ಳದ ನೀರಿಗೆ ಒಬ್ಬನೇ ಸಾಕು.

ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಸ್ಮೃತಿಕಾರರು ಲಕ್ಷಣ ಹೇಳಿರುವರು. ಗೃಹಸ್ಥನಿಲ್ಲದೆ ಅತಿಥಿಯಿಲ್ಲ. ಸ್ವಂತ ಮನೆಯನ್ನೇ ಬೆನ್ನ ಮೇಲೆ ಹೊತ್ತು, ಪಟ್ಟಣದಲ್ಲಿ ಕೊಂಡ ಅಕ್ಕಿಬೇಳೆಗಳನ್ನು ತುಂಬಿಕೊಂಡು, ಊರವರ ಬಾಗಿಲನ್ನು ತಟ್ಟದೆ ಹಾದುಹೋಗುವವನು ಯಾರ ಅತಿಥಿ? ಇದು ಬಸವನಹುಳುವಿನ ಧರ್ಮ. ಅದು ಕೂಡ ಹಾದ ಕಡೆ ಲೋಳೆಯನ್ನೇ ಬಿಟ್ಟುಹೋಗುತ್ತದೆ.

"ಚಳಿಗಾಲದಲ್ಲಿ ಅಲ್ಲಿಯ ವಸತಿಗೃಹಗಳೂ ಮುಚ್ಚಿರುತ್ತವೆ, ನಾವೇನು ಮಾಡಬೇಕು?" ಎಂದು ಕೇಳುವವರಿದ್ದಾರೆ. ಎಲ್ಲವೂ ಮುಚ್ಚಿರುವುದಿಲ್ಲ. ಮುಚ್ಚಿರುವವು ಗಿರಾಕಿಗಳಿಲ್ಲದೆ ಮುಚ್ಚಿವೆ. ಗಿರಾಕಿಗಳೋ ರಸ್ತೆಯ ಬದಿಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದಾರೆ. "ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ತಿರುಗುವ ಹಕ್ಕಿದೆ" ಎಂಬ ಇನ್ನೊಂದು ವಾದವುಂಟು. ಅಂಥ ಹಕ್ಕನ್ನು ಕೊಟ್ಟ 2003ರ ಭೂಸುಧಾರಣಾ ಶಾಸನವು ಮೋಟಾರು ವಾಹನಗಳನ್ನು ಅದರಿಂದ ಹೊರಗಿಟ್ಟಿದೆ. ಕಾಲ್ನಡಿಗೆಯವನ ಹಕ್ಕನ್ನು ಚಕ್ರದವನು ಕಸಿದುಕೊಳ್ಳುವುದು ಯಾವ ನ್ಯಾಯ?

ಅಲ್ಲಿಯ ಶಾಸನಕರ್ತರನ್ನೂ ಬಿಡುವಂತಿಲ್ಲ. ಹಣ ಕೊಟ್ಟು ತಂಗುವ ಪ್ರವಾಸಿಗಳ ಮೇಲೆ ತೆರಿಗೆ ವಿಧಿಸಲು 2024ರ ಶಾಸನದಿಂದ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಬಂದಿದೆ. ಹಳ್ಳಿಯ ವಿಧವೆಯೊಬ್ಬಳ ಮನೆಯಲ್ಲಿ ಕೋಣೆ ಹಿಡಿದವನು ಅದಕ್ಕೆ ಒಳಪಡಬಹುದು. ರಸ್ತೆಬದಿಯಲ್ಲಿ ಬಿಟ್ಟಿ ಮಲಗಿದವನು ಒಳಪಡನು. ಅದೇ ವರ್ಷ ಹೈಲೆಂಡ್ ಕೌನ್ಸಿಲಿನವರು ವಾಹನಕ್ಕೆ ಏಳು ದಿನಗಳಿಗೆ 40 ಪೌಂಡುಗಳಂತೆ ಒಂದು ಯೋಜನೆಯನ್ನು ಹೂಡಿದರು. ಇಷ್ಟವಿದ್ದವರು ಕೊಡತಕ್ಕದ್ದೆಂದು ಅದರ ನಿಬಂಧನೆ! ಸುಂಕದ ಕಟ್ಟೆಯಲ್ಲಿ ಹುಂಡಿಯನ್ನಿಟ್ಟಂತಾಯಿತು. ಇದನ್ನು ಕಡ್ಡಾಯಮಾಡಿ, ಬಂದ ಹಣದಿಂದ ಚಳಿಗಾಲದಲ್ಲಿಯೂ ತೆರೆದಿರುವ ಶೌಚಸ್ಥಾನಗಳನ್ನು ಕಟ್ಟಿಸಬೇಕು.

ಅವರು ಕಟ್ಟಿಸುವ ತನಕ ನಮ್ಮವರು ಕಾಯಬೇಕಾಗಿಲ್ಲ. ಹಗಲಿಗೆ ವಾಹನವಿರಲಿ, ರಾತ್ರಿಗೆ ಊರವರ ಮನೆಯಿರಲಿ. ಊರಿನ ಅಂಗಡಿಯಲ್ಲಿ ರೊಟ್ಟಿ ಕೊಂಡು, ಸ್ಟ್ರಾತ್‌ನೇವರಿನಿಂದ ತಮ್ಮ ಹಿರಿಯರು ಯಾವ ವರ್ಷ ಬಂದರೆಂದು ಅಂಗಡಿಯವರನ್ನು ಕೇಳಲಿ. ಹೇಳುವವರು ಅಲ್ಲಿ ಇನ್ನೂ ಇದ್ದಾರೆ.