ಪರಿಹಾರ ದಾನವಲ್ಲ, ಕಾಯಕದ ಬಾಕಿ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ಮನೆ, ಹೋಮ್‌ಸ್ಟೇ, ಸಮುದಾಯ ಭವನಗಳ ಕೆಲಸ ಜೋರಾಗಿ ನಡೆದಿದೆ. ಸೆಂಟ್ರಿಂಗ್ ಮೇಲಿಂದ ಬಿದ್ದು ಕೂಲಿಯವನೊಬ್ಬ ಸತ್ತರೆ ಹಿರಿಯರು ಕೂಡುತ್ತಾರೆ. ಗುತ್ತಿಗೆದಾರ ಐವತ್ತು ಸಾವಿರವನ್ನೋ ಲಕ್ಷವನ್ನೋ ಕೊಡುತ್ತಾನೆ, ಹೆಂಡತಿಯ ಹೆಬ್ಬೆಟ್ಟು ಬೀಳುತ್ತದೆ. ಅವನದು ದೊಡ್ಡ ಮನಸ್ಸು ಎಂದು ನಾವೂ ಹೊಗಳಿ ಎದ್ದು ಬರುತ್ತೇವೆ.

ಸರ್ಕಾರಿ ಎಂಜಿನಿಯರನಾಗಿ ಲೆಕ್ಕ ಹಾಕುವುದು ನನ್ನ ಅಭ್ಯಾಸ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪ್ರಕಾರ ಸಾವಿಗೆ ಪರಿಹಾರವೆಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಿದ ಮೊತ್ತ. 2020ರಿಂದ ಕೂಲಿಯ ಮಿತಿ 15,000 ರೂಪಾಯಿ. ಮೂವತ್ತರ ವಯಸ್ಸಿಗೆ ಗುಣಕ 207.98. ಒಟ್ಟು 15,59,850 ರೂಪಾಯಿ! ಸಾವಿನ ಪರಿಹಾರವನ್ನು ಆಯುಕ್ತರಲ್ಲಿ ಠೇವಣಿ ಇಡಬೇಕು. ಅಲ್ಪ ಮುಂಗಡದ ಹೊರತು ಕೈಗೆ ಕೊಟ್ಟದ್ದು ಲೆಕ್ಕಕ್ಕಿಲ್ಲ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರೂ ಶೂನ್ಯ. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ತಿರುಳು ಅದೇ. ಇಎಸ್‌ಐ ಇದ್ದವರಿಗೆ ಆ ವಿಮೆಯೇ ಕೊಡುತ್ತದೆ.

ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರೆ ಮಾಲೀಕನ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಪರಿಹಾರ ಕಾಯ್ದೆಗೆ ಅದು ಬೇಡ. ಕೆಲಸದಲ್ಲಿರುವಾಗ, ಕೆಲಸದ ಕಾರಣದಿಂದ ಅಪಘಾತವಾದರೆ ಸಾಕು. ಎರಡೂ ದಾರಿ ಹಿಡಿಯುವಂತಿಲ್ಲ. ‘ಕುಡಿದಿದ್ದ, ಬೆಲ್ಟ್ ಹಾಕಿರಲಿಲ್ಲ’ ಎಂಬ ಮಾತು ಸಣ್ಣ ಗಾಯಕ್ಕೆ ನಡೆದೀತು, ಸಾವಿಗೆ ನಡೆಯದು.

ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಕೆಲಸ ಕೊಟ್ಟ ಮೂಲ ಮಾಲೀಕನೂ ಹೊಣೆ. ಕೊಟ್ಟದ್ದನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಬಹುದು. ಆದರೆ ಆ ಕೆಲಸ ಮಾಲೀಕನ ವ್ಯಾಪಾರ, ಉದ್ಯಮಕ್ಕೆ ಸೇರಿರಬೇಕು. ಪ್ರಸಾದ ನಿಲಯ ಕಟ್ಟಿಸುವ ಮಠಕ್ಕೆ ಕಟ್ಟಡ ಉದ್ಯಮವಲ್ಲ. ಹಾಗಾಗಿ ಹೊಣೆಯೆಲ್ಲ ಗುತ್ತಿಗೆದಾರನ ಮೇಲೆ. ಅವನ ಹತ್ತಿರ ಹಣವಿಲ್ಲದಿದ್ದರೆ ಆ ಮನೆಯವರಿಗೆ ಸಿಗುವುದು ಬರೀ ಆದೇಶದ ಕಾಗದ. ಕಾಯಕವೇ ಕೈಲಾಸ ಎಂದು ಗೋಡೆಯ ಮೇಲೆ ಬರೆಸುವ ನಾವು ಈ ಸಂದಿಯಲ್ಲಿ ನುಸುಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆಯ್ದಕ್ಕಿ ಲಕ್ಕಮ್ಮ ಹೆಚ್ಚಿಗೆ ಬಂದ ಅಕ್ಕಿಯನ್ನು ವಾಪಸ್ಸು ಕಳುಹಿಸಿದ್ದನ್ನು ಪ್ರತಿ ಪ್ರವಚನದಲ್ಲೂ ಹೇಳುತ್ತೇವೆ. ಕಡಿಮೆ ಕೊಟ್ಟದ್ದರ ಮಾತು ಅಲ್ಲಿ ಬರುವುದೇ ಇಲ್ಲ.

ಪೂಜ್ಯರಲ್ಲಿ, ಕಟ್ಟಡ ಸಮಿತಿಯ ಶರಣರಲ್ಲಿ ನನ್ನ ವಿನಂತಿ ಇಷ್ಟೆ. ಕರಾರು ಪತ್ರದಲ್ಲಿಯೇ ಕಾರ್ಮಿಕ ಪರಿಹಾರ ವಿಮೆಯ ಷರತ್ತು ಹಾಕಿರಿ. ವಿಮೆಯ ಕಂತನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿರಿ, ಇಲ್ಲದಿದ್ದರೆ ಗುತ್ತಿಗೆದಾರ ಅದನ್ನು ಕೂಲಿಯಲ್ಲಿ ಮುರಿಯುತ್ತಾನೆ. ಪಾಲಿಸಿಯ ಪ್ರತಿ ಕೈಗೆ ಬರುವವರೆಗೆ ಮೊದಲ ಬಿಲ್ಲು ಕೊಡಬೇಡಿರಿ; ಕೆಲಸ ಮುಗಿಯುವ ಮೊದಲು ಅವಧಿ ಮುಗಿದರೆ ಸ್ಲ್ಯಾಬ್ ಹಾಕುವುದನ್ನು ನಿಲ್ಲಿಸಿರಿ.